ಕ್ರೀಡಾ ಉಡುಪಿನ ಕಂಪನಿಯ ಕತೆಯಿಂದ ಇಂಗ್ಲಿಷ್ ಕಲಿಯಬಹುದೇ? ನೈಕಿಯ ಕತೆಯನ್ನು ಹೇಗೆ ಓದಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ರಫ್ತು ಘಟಕದಲ್ಲಿ ಮರ್ಚಂಡೈಸರ್ (ಖರೀದಿದಾರರಿಗೂ ಕಾರ್ಖಾನೆಗೂ ನಡುವೆ ಆರ್ಡರ್ ನೋಡಿಕೊಳ್ಳುವವರು) ಒಬ್ಬರ ಸಹಾಯಕನಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹೊಲಿಯುವುದು ಹೆಚ್ಚಾಗಿ ಕ್ರೀಡಾ ಉಡುಪುಗಳನ್ನೇ. ಬೈಯರ್‌ಗಳಿಂದ, ಅಂದರೆ ಮಾಲು ಕೊಳ್ಳುವ ವಿದೇಶಿ ಕಂಪನಿಗಳಿಂದ, ಬರುವ ಮೇಲ್‌ಗಳನ್ನು ಓದಿದರೆ ಅರ್ಥವಾಗುತ್ತದೆ. ಸ್ಯಾಂಪಲ್, ಟ್ರಿಮ್ಸ್ (ಗುಂಡಿ, ಜಿಪ್ ಮುಂತಾದವು), ಲ್ಯಾಬ್ ಡಿಪ್ (ಬಣ್ಣದ ಮಾದರಿ), ಲೀಡ್ ಟೈಮ್ (ಆರ್ಡರಿನಿಂದ ಮಾಲು ಸಿದ್ಧವಾಗುವವರೆಗಿನ ಅವಧಿ) ಮುಂತಾದವು ನಮಗೆ ದಿನಬಳಕೆಯ ಮಾತುಗಳೇ. ಆದರೆ ಸರಕು ಏಕೆ ತಡವಾಯಿತು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯಬೇಕಾಗಿ ಬಂದಾಗ, ಅಥವಾ ವಿಡಿಯೋ ಕರೆಯಲ್ಲಿ ಅದನ್ನೇ ಬಾಯಿಬಿಟ್ಟು ಹೇಳಬೇಕಾದಾಗ, ವಾಕ್ಯವು ಅರ್ಧಕ್ಕೇ ನಿಂತುಬಿಡುತ್ತದೆ.

ವ್ಯಾಕರಣದ ಪುಸ್ತಕಗಳು ನನಗೆ ಹಿಡಿಸಲಿಲ್ಲ. ನಮ್ಮ ಕ್ಷೇತ್ರಕ್ಕೆ ಹತ್ತಿರವಾದ ಕತೆಯನ್ನು ಹಿಡಿದು ಕಲಿಯುವುದು ಒಳ್ಳೆಯದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ, ನೈಕಿ ಕಂಪನಿ ಬೆಳೆದುಬಂದ ಕತೆಯನ್ನು ಕಲಿಯುವವರಿಗಾಗಿಯೇ ನಿಧಾನವಾಗಿ ಓದಿದ ಧ್ವನಿಮುದ್ರಣಗಳನ್ನು ಕೇಳುತ್ತಿದ್ದೇನೆ. ಕತೆ ರುಚಿಸಿದೆ, ಬಹುಮಟ್ಟಿಗೆ ಅರ್ಥವೂ ಆಗಿದೆ. ಆದರೂ ನಾನು ಬರೆಯುವ ಮೇಲ್‌ಗಳು ಮೊದಲಿದ್ದಂತೆಯೇ ಇವೆ. ಹೀಗೆ ಕಲಿಯುವುದರಲ್ಲಿ ನಿಜಕ್ಕೂ ಪ್ರಯೋಜನವಿದೆಯೇ? ಇದ್ದರೆ, ಕತೆಯನ್ನು ಯಾವ ಕ್ರಮದಲ್ಲಿ ಓದಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಡೂರು ಮೇಷ್ಟರು

ತುಂಗಾತೀರ ಅವರೇ, ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಕೇಳಿದ್ದು ಅರ್ಥವಾಗುವುದೇ ಬೇರೆ, ಅರ್ಥವಾದದ್ದನ್ನು ತಾನೇ ಹೇಳುವುದೇ ಬೇರೆ. ಕೆನಡಾದ ಭಾಷಾವಿಜ್ಞಾನಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನೇ ವಾದಿಸಿದರು. ಅಲ್ಲಿ ಫ್ರೆಂಚ್ ಮಾಧ್ಯಮದ ಶಾಲೆಗಳಿಗೆ ಸೇರಿದ ಇಂಗ್ಲಿಷ್ ಮನೆಮಾತಿನ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳುತ್ತ ಬೆಳೆದು, ಕೇಳಿದ್ದನ್ನು ಚೆನ್ನಾಗಿಯೇ ಗ್ರಹಿಸುತ್ತಿದ್ದರು; ಆದರೆ ಅವರ ಮಾತಿನಲ್ಲೂ ಬರಹದಲ್ಲೂ ವ್ಯಾಕರಣದ ದೋಷಗಳು ಉಳಿದೇ ಇದ್ದವು. ತಾವೇ ವಾಕ್ಯ ಕಟ್ಟಬೇಕಾದ ಒತ್ತಾಯ ಬಾರದಿದ್ದರೆ ಕಲಿಯುವವನ ಗಮನ ಅರ್ಥದ ಮೇಲೆಯೇ ನಿಲ್ಲುತ್ತದೆ, ವಾಕ್ಯದ ಕಟ್ಟಿನ ಕಡೆಗೆ ಹರಿಯುವುದಿಲ್ಲ ಎಂಬುದು ಅವರ ನಿಲುವು. ತಮ್ಮ ವಿಷಯದಲ್ಲಿಯೂ ಆಗಿರುವುದು ಇದೇ.

ಉದ್ಯಮದ ಕತೆಯನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ಇಂತಹ ಕತೆಯಲ್ಲಿ ಒಂದರ ಹಿಂದೆ ಒಂದು ಘಟನೆ ನಡೆಯುತ್ತದೆ ಮತ್ತು ಪ್ರತಿಯೊಂದು ಘಟನೆಗೂ ಒಂದು ಕಾರಣವಿರುತ್ತದೆ. ತಾವು ಬೈಯರ್‌ಗೆ ಬರೆಯಬೇಕಾದ ಮೇಲ್‌ನಲ್ಲಿಯೂ ಇರುವುದು ಇವೆರಡೇ: ಏನಾಯಿತು ಮತ್ತು ಏಕೆ ಆಯಿತು.

ಈಗ ತಮ್ಮ ವಾಕ್ಯ ಅರ್ಧಕ್ಕೆ ನಿಲ್ಲುವುದೇಕೆ ಎಂಬುದನ್ನು ನೋಡೋಣ. ನೈಕಿಯ ಸ್ಥಾಪಕರ ಬಗ್ಗೆ ಕನ್ನಡದಲ್ಲಿ ನಾವು ಹೀಗೆ ಹೇಳುತ್ತೇವೆ: "ಜಪಾನಿನ ಕೋಬೆ ನಗರದಲ್ಲಿ ಓಟದ ಷೂ ತಯಾರಿಸುತ್ತಿದ್ದ ಒನಿಟ್ಸುಕಾ ಕಂಪನಿಯಿಂದ ಮಾಲು ತರಿಸಿ ಅಮೆರಿಕದಲ್ಲಿ ಮಾರಲು ಹೊರಟ ಫಿಲ್ ನೈಟ್, ತನಗೆ ಓಟ ಕಲಿಸಿದ ಬಿಲ್ ಬೋವರ್‌ಮನ್ ಅವರನ್ನೇ ಪಾಲುದಾರರನ್ನಾಗಿ ಮಾಡಿಕೊಂಡ." ವಿಶೇಷಣಗಳೆಲ್ಲ ಹೆಸರಿಗಿಂತ ಮೊದಲೇ ಬರುತ್ತವೆ, ಕ್ರಿಯಾಪದವು ಕೊನೆಗೆ ಬರುತ್ತದೆ, ಇಷ್ಟು ಉದ್ದವಾದರೂ ನಮಗೆ ಎಲ್ಲಿಯೂ ಉಸಿರು ಕಟ್ಟುವುದಿಲ್ಲ. ಇಂಗ್ಲಿಷ್‌ನಲ್ಲಿ ಮಾಡಿದವನ ಹೆಸರು ಮತ್ತು ಮಾಡಿದ ಕೆಲಸ ಮೊದಲೇ ಬಂದುಬಿಡಬೇಕು. ಉಳಿದದ್ದೆಲ್ಲ ಅವುಗಳ ನಂತರ ಸಾಲಾಗಿ ಬರುತ್ತದೆ. ಕನ್ನಡದ ಉದ್ದ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್‌ನಲ್ಲಿ ಬಾಯಿ ತೆರೆಯುವವರು ಕೋಬೆ ನಗರದಿಂದ ಪ್ರಾರಂಭಿಸುತ್ತಾರೆ, ಕರ್ತೃಪದ ಸಿಗುವ ಮೊದಲೇ ತಡವರಿಸುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ನಾನು ಕಾಣುವ ತೊಂದರೆಗಳಲ್ಲಿ ಹೆಚ್ಚಿನ ಪಾಲು ಇದರದೇ. ಪದಗಳು ತಿಳಿಯದಿರುವುದು ಅದರ ಮುಂದೆ ಸಣ್ಣದು.

ಆದ್ದರಿಂದ ಮೇಲಿನ ಒಂದು ವಾಕ್ಯವನ್ನು ಮೊದಲು ಕನ್ನಡದಲ್ಲಿಯೇ ನಾಲ್ಕಾಗಿ ಒಡೆಯಿರಿ. ಫಿಲ್ ನೈಟ್ ಷೂ ಮಾರಲು ನಿರ್ಧರಿಸಿದ. ಆ ಷೂಗಳನ್ನು ಒನಿಟ್ಸುಕಾ ಕಂಪನಿ ತಯಾರಿಸುತ್ತಿತ್ತು. ಕಂಪನಿಯು ಕೋಬೆಯಲ್ಲಿತ್ತು. ಬೋವರ್‌ಮನ್ ಅವನ ಪಾಲುದಾರರಾದರು. ಈ ನಾಲ್ಕನ್ನು ಇಂಗ್ಲಿಷ್‌ನಲ್ಲಿ ಹೇಳುವುದು ತಮಗೆ ಕಷ್ಟವಾಗಲಾರದು. ಅವು ಸಲೀಸಾಗಿ ಬರತೊಡಗಿದ ಮೇಲೆ ಎರಡೆರಡನ್ನು ಕೂಡಿಸಬಹುದು.

ಪಠ್ಯವನ್ನು ಆರಿಸಿಕೊಳ್ಳುವಾಗಲೂ ಒಂದು ಅಳತೆಯಿದೆ. ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇರೆಯವರ ನೆರವಿಲ್ಲದೆ ಒಂದು ಕತೆಯನ್ನು ಓದಿ ಅರ್ಥಮಾಡಿಕೊಳ್ಳಬೇಕಾದರೆ ಅದರ ಪ್ರತಿ ನೂರು ಪದಗಳಲ್ಲಿ ಸುಮಾರು 98 ಪದಗಳು ಓದುಗನಿಗೆ ತಿಳಿದಿರಬೇಕು. ಅಮೆರಿಕದ ವಾಯ್ಸ್ ಆಫ್ ಅಮೆರಿಕಾ ಬಾನುಲಿಯು 1959ರಲ್ಲಿ ಸುಮಾರು 1500 ಪದಗಳ ಮಿತಿಯೊಳಗೆ, ಎಂದಿಗಿಂತ ನಿಧಾನವಾಗಿ ಓದುವ ಇಂಗ್ಲಿಷ್ ಪ್ರಸಾರವನ್ನು ಪ್ರಾರಂಭಿಸಿದ್ದರ ಹಿಂದೆಯೂ ಕೇಳುಗರು ಪದಕೋಶಕ್ಕೆ ತಡಕಾಡದಂತಿರಬೇಕೆಂಬ ಆಲೋಚನೆಯೇ ಇತ್ತು. ಕತೆಯನ್ನು ಮೊದಲೊಮ್ಮೆ ಕನ್ನಡದಲ್ಲಿ ತಿಳಿದುಕೊಂಡು ಬಿಡಿ; ಆಗ ಇಂಗ್ಲಿಷ್ ಓದುವಾಗ ಮುಂದೇನಾಯಿತು ಎಂಬ ಆತುರವಿರುವುದಿಲ್ಲ, ವಾಕ್ಯವನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಕಣ್ಣು ನಿಲ್ಲುತ್ತದೆ.

ಆ ಮೇಲೆ ಕತೆಯ ಒಂದೇ ಒಂದು ಭಾಗವನ್ನು ಆರಿಸಿಕೊಂಡು, ಯಾರಾದರೊಬ್ಬರ ಮುಂದೆ ನಾಲ್ಕು ನಿಮಿಷದಲ್ಲಿ ಹೇಳಿರಿ. ಬೇರೊಬ್ಬರಿಗೆ ಅದನ್ನೇ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿರಿ. ಇದು ಭಾಷಾ ತರಗತಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಭ್ಯಾಸ. ವಿಷಯವು ಅದೇ ಆಗಿರುವುದರಿಂದ ಮೂರನೆಯ ಸಲಕ್ಕೆ ತಡವರಿಕೆ ಕಡಿಮೆಯಾಗುತ್ತದೆ. ಕೇಳುವವರು ಸಿಗದಿದ್ದರೆ ಫೋನಿನಲ್ಲಿ ಮುದ್ರಿಸಿಕೊಳ್ಳಬಹುದು. ಆದರೆ ಎದುರಿಗೆ ಮನುಷ್ಯರಿದ್ದರೆ ಹೆಚ್ಚು ಫಲ ಸಿಗುತ್ತದೆಂಬುದು ನನ್ನ ಅನುಭವ.

ಸಂಪಿಗೆ ರಸ್ತೆ

ಮೇಷ್ಟರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಕನ್ನಡದಲ್ಲಿ ಮೊದಲು ಓದಿರಿ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಗೊತ್ತಿರುವ ಕತೆಯನ್ನು ಓದುವವರು ಊಹೆಯ ಮೇಲೆಯೇ ಸಾಗುತ್ತಾರೆ. ವಾಕ್ಯದ ಕಟ್ಟನ್ನು ಗಮನಿಸುವುದಕ್ಕೆ ಬದಲಾಗಿ ಅದನ್ನು ಹಾರಿಸಿಕೊಂಡು ಹೋಗುತ್ತಾರೆ. ನಾನು ಹತ್ತಾರು ವರ್ಷ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡಿದವಳು, ಗೊತ್ತಿರುವ ವಿಷಯವನ್ನು ಅನುವಾದಿಸುವಾಗಲೇ ಕಣ್ಣು ಹೆಚ್ಚು ಜಾರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕಲಿಯುವವರಿಗಾಗಿ ಸರಳಗೊಳಿಸಿದ ಉದ್ಯಮಕತೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. 1971ರಲ್ಲಿ ಬೋವರ್‌ಮನ್ ಅವರು ಹೆಂಡತಿಯ ವಾಫಲ್ (ಚೌಕುಳಿ ದೋಸೆಯಂತಹ ತಿಂಡಿ) ಅಚ್ಚಿಗೆ ಯೂರಿಥೇನ್ ಎಂಬ ರಬ್ಬರಿನಂತಹ ವಸ್ತು ಸುರಿದು ಹೊಸ ಬಗೆಯ ಅಟ್ಟೆಯನ್ನು ಕಂಡುಹಿಡಿದದ್ದು, ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ 35 ಡಾಲರಿಗೆ ಲಾಂಛನ ಬರೆದುಕೊಟ್ಟದ್ದು, 1988ರ ಜಾಹೀರಾತಿನ "ಜಸ್ಟ್ ಡೂ ಇಟ್" ಎಂಬ ಮೂರು ಪದಗಳ ಘೋಷಣೆ. ಇವು ನಡೆದದ್ದು ನಿಜವೇ. ಆದರೆ ಈ ಪ್ರಸಂಗಗಳ ಭಾಷೆ ಬೆರಗಿನ ಭಾಷೆ. ಎಲ್ಲವೂ ಅದ್ಭುತ, ಎಲ್ಲವೂ ಅಚ್ಚರಿ. ಗಾರ್ಮೆಂಟ್ಸ್ ಘಟಕದಲ್ಲಿ ಕುಳಿತು ಬೈಯರ್‌ಗೆ ಉತ್ತರಿಸುವವರಿಗೆ ಆ ಭಾಷೆ ಯಾವ ಉಪಯೋಗಕ್ಕೆ ಬರುತ್ತದೆ? ಅವರಿಗೆ ಬೇಕಾದದ್ದು ಜಗಳದ ಭಾಷೆ, ಲೆಕ್ಕದ ಭಾಷೆ, ತಪ್ಪು ಒಪ್ಪಿಕೊಂಡೂ ಒಪ್ಪಿಕೊಳ್ಳದಂತಿರುವ ಭಾಷೆ. ಅದೆಲ್ಲ ಇದೇ ಕಂಪನಿಯ ಕತೆಯಲ್ಲಿ ಧಾರಾಳವಾಗಿದೆ. ಸರಳಗೊಳಿಸುವವರು ಅದನ್ನೇ ಮೊದಲು ಕತ್ತರಿಸಿ ಹಾಕುತ್ತಾರೆ.

ಉದಾಹರಣೆಗೆ ಒನಿಟ್ಸುಕಾ ಜೊತೆಗಿನ ವ್ಯಾಜ್ಯವನ್ನೇ ತೆಗೆದುಕೊಳ್ಳಿರಿ. ನೈಟ್ ಮತ್ತು ಬೋವರ್‌ಮನ್ 1964ರಲ್ಲಿ ತಲಾ 500 ಡಾಲರ್ ಹಾಕಿ ಬ್ಲೂ ರಿಬ್ಬನ್ ಸ್ಪೋರ್ಟ್ಸ್ (ಮುಂದೆ ನೈಕಿಯಾದದ್ದು ಇದೇ) ಎಂಬ ಹೆಸರಿನಲ್ಲಿ ಜಪಾನಿ ಷೂಗಳ ವ್ಯಾಪಾರ ಪ್ರಾರಂಭಿಸಿದರು. ಕೆಲವು ವರ್ಷಗಳ ನಂತರ, ಒನಿಟ್ಸುಕಾ ಕಂಪನಿಯು ತಮ್ಮನ್ನು ಕೈಬಿಟ್ಟು ಬೇರೆ ವಿತರಕರನ್ನು ಹುಡುಕುತ್ತಿದೆಯೆಂದು ಇವರು ದೂರಿದರು. ವಿತರಕರಾಗಿದ್ದುಕೊಂಡೇ ತಮ್ಮದೇ ಹೆಸರಿನ ಷೂ ಮಾಡಿಸುತ್ತಿದ್ದಾರೆಂದು ಒನಿಟ್ಸುಕಾ ದೂರಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1974ರಲ್ಲಿ ಬಂದ ತೀರ್ಪಿನ ಪ್ರಕಾರ ವಿವಾದಕ್ಕೊಳಗಾದ ಮಾದರಿಯ ಷೂಗಳನ್ನು ಇಬ್ಬರೂ ಮಾರಬಹುದಾಗಿತ್ತು, ಆದರೆ ಕಾರ್ಟೆಜ್ ಎಂಬ ಹೆಸರು ಅಮೆರಿಕದ ಕಂಪನಿಗೇ ಉಳಿಯಿತು. ಒನಿಟ್ಸುಕಾ ತನ್ನ ಷೂವನ್ನು ಕೊರ್ಸೇರ್ ಎಂದು ಕರೆಯಿತು. ಈ ಪ್ರಸಂಗವನ್ನು ಮೊದಲು ನೈಟ್ ಪರವಾಗಿ ಬರೆಯಿರಿ, ಆ ಮೇಲೆ ಒನಿಟ್ಸುಕಾ ಪರವಾಗಿ ಬರೆಯಿರಿ. ವಾಫಲ್ ಅಚ್ಚಿನ ಕತೆಯನ್ನು ನೂರು ಸಲ ಕೇಳಿದರೂ ಸಿಗದ ಇಂಗ್ಲಿಷ್ ಇದರಲ್ಲಿ ಸಿಗುತ್ತದೆ.

ಬೀವರ್ಟನ್ ನಿವಾಸಿ

ನಾನು ಇರುವುದು ಅಮೆರಿಕದ ಆರೆಗನ್ ರಾಜ್ಯದ ಬೀವರ್ಟನ್‌ನಲ್ಲಿ, ನೈಕಿಯ ಮುಖ್ಯ ಕಚೇರಿಗೆ ಹತ್ತಿರ. ಕೆಲಸ ಚಿಪ್ ತಯಾರಿಕೆಯ ಕ್ಷೇತ್ರದಲ್ಲಿ. ಈ ಭಾಗದ ಕನ್ನಡಿಗರಲ್ಲಿ ಅನೇಕರು ನನ್ನಂತೆಯೇ ಅದಕ್ಕಾಗಿ ಬಂದವರು. ಸಂಪಿಗೆ ರಸ್ತೆಯವರ ಮಾತಿಗೆ ಒಂದೆರಡು ವಿವರಗಳನ್ನು ಸೇರಿಸುತ್ತೇನೆ.

ಕತೆಯ ನಿಜವಾದ ಊರು ಬೀವರ್ಟನ್ ಅಲ್ಲ, ಅದಕ್ಕೆ ದಕ್ಷಿಣದಲ್ಲಿರುವ ಯುಜೀನ್. ಆರೆಗನ್ ವಿಶ್ವವಿದ್ಯಾಲಯ ಅಲ್ಲಿದೆ, ಬೋವರ್‌ಮನ್ ಓಟಗಾರರನ್ನು ತಯಾರು ಮಾಡಿದ ಹೇವರ್ಡ್ ಫೀಲ್ಡ್ ಅಲ್ಲಿದೆ. ನೈಟ್ ಅಲ್ಲಿ ಮಧ್ಯಮ ದೂರದ ಓಟಗಾರರಾಗಿದ್ದರು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಂ.ಬಿ.ಎ. ಓದುವಾಗ, ಜಪಾನಿ ಕ್ಯಾಮೆರಾಗಳು ಜರ್ಮನ್ ಕ್ಯಾಮೆರಾಗಳನ್ನು ಹಿಂದಿಕ್ಕಿದಂತೆ ಜಪಾನಿ ಷೂಗಳು ಜರ್ಮನ್ ಷೂಗಳನ್ನು ಹಿಂದಿಕ್ಕಬಹುದೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಒಂದು ಪ್ರಬಂಧ ಬರೆದರು. 1962ರ ಕೊನೆಯಲ್ಲಿ ಕೋಬೆಗೆ ಹೋಗಿ ಒನಿಟ್ಸುಕಾದವರನ್ನು ಕಂಡಾಗ ನೈಟ್ ಅವರ ಕೈಯಲ್ಲಿ ಕಂಪನಿಯೇ ಇರಲಿಲ್ಲ. ಜಪಾನಿಯರು ಕಂಪನಿಯ ಹೆಸರೇನೆಂದು ಕೇಳಿದ ಕೂಡಲೇ ನೈಟ್ ಅಲ್ಲಿಯೇ ಒಂದನ್ನು ಹೇಳಿಬಿಟ್ಟರು. ತುಂಗಾತೀರ ಅವರೇ, ಹೊಸ ಬೈಯರ್ ಮುಂದೆ ಕುಳಿತವರು ಗಮನಿಸಬೇಕಾದ ದೃಶ್ಯ ಇದು. ಆ ಸಂಭಾಷಣೆಯನ್ನು ತಾವೇ ಊಹಿಸಿ ಇಂಗ್ಲಿಷ್‌ನಲ್ಲಿ ಬರೆದುನೋಡಿರಿ: ಇಬ್ಬರಿಗೂ ಇಂಗ್ಲಿಷ್ ಸಮಾನವಾಗಿ ಬರುವುದಿಲ್ಲ, ಇಬ್ಬರಿಗೂ ವ್ಯಾಪಾರ ಬೇಕಾಗಿದೆ. ನನ್ನ ಕಚೇರಿಯಲ್ಲಿ ಕೊರಿಯಾ, ತೈವಾನ್, ಇಸ್ರೇಲ್ ದೇಶಗಳವರ ಜೊತೆ ನಡೆಯುವ ಮಾತುಕತೆಯೂ ಇದೇ ಬಗೆಯದು. ಅಲ್ಲಿ ಗೆಲ್ಲುವುದು ಗಿಡ್ಡ ವಾಕ್ಯಗಳೇ.

ಇಲ್ಲಿ ಆ ಕಂಪನಿಯ ಹೆಸರಿನ ಕೊನೆಯ ಸ್ವರವನ್ನೂ ಉಚ್ಚರಿಸಿ "ನೈಕಿ" ಎಂದೇ ಹೇಳುತ್ತಾರೆ. ನಮ್ಮ ಕಡೆ "ನೈಕ್" ಎನ್ನುವವರೂ ಇದ್ದಾರೆ. ಅದನ್ನು ಹಿಡಿದು ನಗುವವರಿಗೆ ಅಂಜಬೇಕಾಗಿಲ್ಲ, ಬ್ರಿಟನ್ನಿನಲ್ಲಿಯೂ ಹಾಗೆಯೇ ಅನ್ನುವವರಿದ್ದಾರೆ.

ಲೆಕ್ಕಿಗ

ನಾನು ಲೆಕ್ಕಪರಿಶೋಧಕ, ರಫ್ತು ಘಟಕಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ನೈಟ್ ಅವರೂ ಲೆಕ್ಕದವರೇ ಎಂಬುದನ್ನು ಯಾರೂ ಹೇಳಲಿಲ್ಲ. ಷೂ ವ್ಯಾಪಾರದಿಂದ ಹೊಟ್ಟೆ ತುಂಬದಿದ್ದ ವರ್ಷಗಳಲ್ಲಿ ಅವರು ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಪೋರ್ಟ್‌ಲ್ಯಾಂಡ್ ಸ್ಟೇಟ್‌ನಲ್ಲಿ ಲೆಕ್ಕಶಾಸ್ತ್ರ ಕಲಿಸಿದರು. ಡೇವಿಡ್‌ಸನ್ ಅವರ ಪರಿಚಯವಾದದ್ದೂ ಅಲ್ಲಿಯೇ.

ಈ ಕತೆಯ ನಿಜವಾದ ಎಳೆ ಹಣದ ಕೊರತೆ. ಮಾರಾಟ ಪ್ರತಿವರ್ಷ ಏರುತ್ತಿತ್ತು, ಏರಿದಷ್ಟೂ ಮುಂದಿನ ಆರ್ಡರಿಗೆ ಹೆಚ್ಚು ಹಣ ಬೇಕಾಗುತ್ತಿತ್ತು, ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಿದ್ದರು. 1975ರಲ್ಲಿ ಬ್ಯಾಂಕು ಕೈಬಿಟ್ಟಾಗ ನಿಶೋ ಇವಾಯಿ ಎಂಬ ಜಪಾನಿ ವ್ಯಾಪಾರ ಸಂಸ್ಥೆಯು ಸಾಲ ತೀರಿಸಿ ಕಂಪನಿಯನ್ನು ಉಳಿಸಿತು. ಲಾಭವಿದ್ದೂ ಕೈಯಲ್ಲಿ ಹಣವಿಲ್ಲದಿರುವ ಸ್ಥಿತಿಯನ್ನು ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ವಿವರಿಸಬಲ್ಲ ಮರ್ಚಂಡೈಸರ್ ಇದ್ದರೆ, ಪಾವತಿಯ ಗಡುವನ್ನು ಕುರಿತ ಮಾತುಕತೆಯಲ್ಲಿ ಅವರನ್ನು ಸೋಲಿಸುವುದು ಸುಲಭವಲ್ಲ.

ಸುಂಕದ ಪ್ರಸಂಗ ತುಂಗಾತೀರ ಅವರ ಕೆಲಸಕ್ಕೆ ಇನ್ನೂ ಹತ್ತಿರವಾದದ್ದು. ಆಗ ಅಮೆರಿಕದಲ್ಲಿ ಕೆಲವು ಬಗೆಯ ಷೂಗಳ ಆಮದು ಸುಂಕವನ್ನು ಇನ್‌ವಾಯ್ಸ್‌ನಲ್ಲಿ ನಮೂದಿಸಿದ ಬೆಲೆಯ ಮೇಲೆ ಲೆಕ್ಕ ಹಾಕುತ್ತಿರಲಿಲ್ಲ, ಅಂತಹದೇ ಷೂವನ್ನು ಅಮೆರಿಕದ ತಯಾರಕರು ಮಾರುವ ಬೆಲೆಯ ಮೇಲೆ ಹಾಕುತ್ತಿದ್ದರು. ಹಾಗಾಗಿ ಅಗ್ಗವಾಗಿ ತರಿಸಿದ ಮಾಲಿನ ಮೇಲೂ ದುಬಾರಿ ಮಾಲಿನ ಸುಂಕ ಬೀಳುತ್ತಿತ್ತು. ಈ ಲೆಕ್ಕದ ಮೇಲೆ ಸರಕಾರವು ನೈಕಿಯಿಂದ ಸುಮಾರು 2.5 ಕೋಟಿ ಡಾಲರ್ ಬಾಕಿ ಕೇಳಿತು. ಬಹಳ ಹೋರಾಟದ ಮೇಲೆ 1980ರಲ್ಲಿ 90 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯು ಸಾರ್ವಜನಿಕರಿಗೆ ಷೇರು ಮಾರಿತು, ಆರಂಭದ ಬೆಲೆ 22 ಡಾಲರ್. ಆ ತೂಗುಕತ್ತಿ ನೆತ್ತಿಯ ಮೇಲಿದ್ದಾಗ ಷೇರು ಮಾರುವುದು ಸುಲಭವಿರಲಿಲ್ಲ ಎಂಬುದನ್ನು ಗಮನಿಸಿದರೆ ಎರಡು ಘಟನೆಗಳ ಸಂಬಂಧ ತಿಳಿಯುತ್ತದೆ.

ಮೇಲಿನ ಅಂಕಿಗಳನ್ನು ನಾನು ಬೇಕೆಂದೇ ನಮ್ಮ ರೀತಿಯಲ್ಲಿ ಬರೆದಿದ್ದೇನೆ. 2.5 ಕೋಟಿ ಎಂದರೆ 25 ಮಿಲಿಯನ್, 90 ಲಕ್ಷ ಎಂದರೆ 9 ಮಿಲಿಯನ್. ಕರೆಯ ನಡುವೆ ಈ ಪರಿವರ್ತನೆಯನ್ನು ಮನಸ್ಸಿನಲ್ಲಿ ಮಾಡುತ್ತ ಕುಳಿತವರಿಗೆ ಮುಂದಿನ ವಾಕ್ಯ ಕೇಳಿಸುವುದೇ ಇಲ್ಲ. ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಇಷ್ಟು ಬಾಯಿಪಾಠವಾಗಿದ್ದರೆ ಸಾಕು.

ಓದುವ ಸಾಮಗ್ರಿಯ ಬಗ್ಗೆ ಒಂದು ಸಲಹೆ. ಅಮೆರಿಕದ ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು ತಮ್ಮ ವಾರ್ಷಿಕ ವರದಿಗಳನ್ನು ಅಲ್ಲಿನ ನಿಯಂತ್ರಣ ಆಯೋಗಕ್ಕೆ ಸಲ್ಲಿಸಬೇಕು, ಅವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಷೇರು ಮಾರಲು ಹೊರಡುವ ಕಂಪನಿಗಳು ತಮ್ಮ ಪ್ರಕಟಣೆಯ ಮುಖಪುಟ, ಸಾರಾಂಶ ಮತ್ತು ಅಪಾಯಗಳ ವಿವರಣೆಯನ್ನು ಸರಳ ಇಂಗ್ಲಿಷ್‌ನಲ್ಲಿಯೇ ಬರೆಯಬೇಕೆಂದು ಆಯೋಗವು 1998ರಲ್ಲಿ ನಿಯಮ ಮಾಡಿತು: ಗಿಡ್ಡ ವಾಕ್ಯಗಳು, ಕರ್ತರಿ ಪ್ರಯೋಗ, ದಿನಬಳಕೆಯ ಪದಗಳು, ವಕೀಲರ ಪರಿಭಾಷೆ ಬೇಡ. ನೈಕಿಯ ವಾರ್ಷಿಕ ವರದಿಯಲ್ಲಿಯೂ ಅಪಾಯಗಳನ್ನು ಹೇಳುವ ಭಾಗವಿದೆ. ಹೊರಗಿನ ಕಾರ್ಖಾನೆಗಳ ಮೇಲಿನ ಅವಲಂಬನೆ, ಕಚ್ಚಾವಸ್ತುಗಳ ಬೆಲೆ, ವಿದೇಶಿ ವಿನಿಮಯ ದರ ಇವೆಲ್ಲ ಅಲ್ಲಿ ಬರುತ್ತವೆ. ಅಂದರೆ ತುಂಗಾತೀರ ಅವರ ಘಟಕದಂತಹವುಗಳನ್ನು ಬೈಯರ್ ತನ್ನ ಕಡೆಯಿಂದ ಹೇಗೆ ನೋಡುತ್ತಾನೆ ಎಂಬುದು ಅಲ್ಲಿ ಕಾಣುತ್ತದೆ. ದಿನಕ್ಕೆ ಒಂದು ಪ್ಯಾರಾ ಓದಿದರೆ ಸಾಕು, ಇಡೀ ವರದಿ ಓದಹೊರಟರೆ ನಾನೂ ನಿದ್ದೆ ಹೋಗುತ್ತೇನೆ.

ಸಂಪಿಗೆ ರಸ್ತೆ

ಲೆಕ್ಕಿಗ ಅವರು ಕಾರ್ಖಾನೆಗಳ ಮಾತು ತೆಗೆದದ್ದು ಒಳ್ಳೆಯದಾಯಿತು. 1990ರ ದಶಕದಲ್ಲಿ ಇಂಡೋನೇಷ್ಯಾ, ವಿಯೆಟ್ನಾಂ ಮುಂತಾದ ಕಡೆ ಈ ಕಂಪನಿಗೆ ಷೂ ತಯಾರಿಸುತ್ತಿದ್ದ ಕಾರ್ಖಾನೆಗಳ ಕೂಲಿ ಮತ್ತು ಕೆಲಸದ ಸ್ಥಿತಿಗತಿಗಳ ಬಗ್ಗೆ ದೊಡ್ಡ ಟೀಕೆ ಎದ್ದಿತು. 1998ರ ಮೇ ತಿಂಗಳಲ್ಲಿ ನೈಟ್ ವಾಷಿಂಗ್ಟನ್‌ನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ ಮಾತನಾಡುತ್ತ, ತಮ್ಮ ಕಂಪನಿಯ ಮಾಲು ಜೀತದ ಕೂಲಿ, ಬಲವಂತದ ಹೆಚ್ಚುವರಿ ದುಡಿಮೆ ಮತ್ತು ಮನಬಂದಂತೆ ನಡೆಸಿಕೊಳ್ಳುವುದಕ್ಕೆ ಪರ್ಯಾಯಪದವಾಗಿಬಿಟ್ಟಿದೆ ಎಂದರು. ಷೂ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸನ್ನು 18ಕ್ಕೆ, ಉಡುಪಿನ ಕಾರ್ಖಾನೆಗಳಲ್ಲಿ 16ಕ್ಕೆ ಏರಿಸುವುದಾಗಿ ಪ್ರಕಟಿಸಿದರು. 2005ರಲ್ಲಿ ಕಂಪನಿಯು ತನಗೆ ಮಾಲು ತಯಾರಿಸುವ ಕಾರ್ಖಾನೆಗಳ ಪಟ್ಟಿಯನ್ನು ಬಹಿರಂಗಪಡಿಸಿತು.

ಇಂಗ್ಲಿಷ್ ಕಲಿಯುವವರು ಇಲ್ಲಿ ಗಮನಿಸಬೇಕಾದದ್ದು ಕರ್ತೃಪದವನ್ನು. ಕಂಪನಿ ಮಾಡಿದ ಒಳ್ಳೆಯ ಕೆಲಸವನ್ನು ಹೇಳುವಾಗ ಕಂಪನಿಯೇ ವಾಕ್ಯದ ಮೊದಲಿಗೆ ಬರುತ್ತದೆ. ಕೆಟ್ಟದ್ದನ್ನು ಹೇಳುವಾಗ ಕರ್ಮಣಿ ಪ್ರಯೋಗದ ಮರೆಯಲ್ಲಿ ಮಾಡಿದವರು ಮಾಯವಾಗುತ್ತಾರೆ, ಲೋಪಗಳು ತಾವಾಗಿಯೇ ಉಂಟಾದಂತೆ ಕಾಣುತ್ತವೆ. ಯಾವ ಕಂಪನಿಯ ಹೇಳಿಕೆಯನ್ನು ತೆಗೆದುಕೊಂಡರೂ ಈ ಅಭ್ಯಾಸ ಕಾಣುತ್ತದೆ. ಅಂತಹ ಹೇಳಿಕೆಗಳು ಸುಮ್ಮನೆ ಮಾತಾಗಿ ಉಳಿಯುವುದಿಲ್ಲ. ತನ್ನ ಕಾರ್ಖಾನೆಗಳ ಬಗ್ಗೆ ಕಂಪನಿ ನೀಡಿದ ಸಮಜಾಯಿಷಿಗಳು ವಾಣಿಜ್ಯ ಸ್ವರೂಪದ ಮಾತುಗಳೆಂದು 2002ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಂದರೆ ಜಾಹೀರಾತಿನಂತೆಯೇ ಅವುಗಳ ಸತ್ಯಾಸತ್ಯತೆಯನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾಯಿತು. 2003ರಲ್ಲಿ ಆ ಮೊಕದ್ದಮೆ 15 ಲಕ್ಷ ಡಾಲರಿಗೆ ರಾಜಿಯಲ್ಲಿ ಮುಗಿಯಿತು. ಬೈಯರ್‌ಗೆ ಬರೆಯುವ ಪ್ರತಿ ಮೇಲ್ ಕೂಡ ದಾಖಲೆಯೇ ಎಂಬುದನ್ನು ಹೊಸಬರಿಗೆ ತಿಳಿಸಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ತುಂಗಾತೀರ

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದಗಳು. ಮೇಷ್ಟರು ಹೇಳಿದಂತೆ ಒನಿಟ್ಸುಕಾ ಪ್ರಸಂಗವನ್ನು ಚಿಕ್ಕ ವಾಕ್ಯಗಳಾಗಿ ಒಡೆದು ಇಂಗ್ಲಿಷ್‌ನಲ್ಲಿ ಬರೆದೆ. ವಾಕ್ಯಗಳು ಪೂರ್ತಿಯಾಗುತ್ತಿವೆ. ಆದರೆ ಕಾಲಗಳ ವಿಷಯದಲ್ಲಿ ಗೊಂದಲ ಉಳಿದಿದೆ. "ವಿ ಹ್ಯಾವ್ ಶಿಪ್ಡ್ ದಿ ಗೂಡ್ಸ್ ಯೆಸ್ಟರ್ಡೇ" ಎಂಬ ಸಾಲನ್ನು ನಮ್ಮ ಮ್ಯಾನೇಜರ್ ತಿದ್ದುತ್ತಾರೆ, ಕಾರಣ ಕೇಳಿದರೆ ಹಾಗೆ ಬರೆಯಬಾರದು ಎನ್ನುತ್ತಾರೆ ಅಷ್ಟೇ. ನನಗಂತೂ ಅದರಲ್ಲಿ ಏನೂ ಅಸಹಜವೆನಿಸುವುದಿಲ್ಲ.

ಕಡೂರು ಮೇಷ್ಟರು

ಅಸಹಜವೆನಿಸದಿರುವುದೇ ಸಹಜ, ಏಕೆಂದರೆ ಅದು ಕನ್ನಡದಲ್ಲಿ ಸರಿಯಾದ ವಾಕ್ಯ. "ನಿನ್ನೆ ಸರಕು ಕಳುಹಿಸಿದ್ದೇವೆ" ಎಂದು ನಾವೆಲ್ಲ ಬರೆಯುತ್ತೇವೆ. ಕೆಲಸ ನಿನ್ನೆ ಮುಗಿಯಿತು, ಅದರ ಫಲ ಇಂದಿಗೂ ಇದೆ ಎಂಬ ಎರಡನ್ನೂ ಕನ್ನಡವು ಒಂದೇ ವಾಕ್ಯದಲ್ಲಿ ಹೇಳಲು ಬಿಡುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. ನಿನ್ನೆ, ಸೋಮವಾರ, 1964ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದಿರೋ, ಸರಳ ಭೂತಕಾಲವನ್ನೇ ಬಳಸಬೇಕು. ಕಾಲವನ್ನು ಹೆಸರಿಸದೆ, ಸರಕು ಹೊರಟಿದೆ ಎಂಬ ಸಮಾಧಾನವನ್ನಷ್ಟೇ ಕೊಡಬೇಕಾದಾಗ ಮಾತ್ರ ಆ "ಹ್ಯಾವ್" ಬೇಕಾಗುತ್ತದೆ.

ಕಂಪನಿಯ ಕತೆಯು ಇಲ್ಲಿಯೂ ನೆರವಿಗೆ ಬರುತ್ತದೆ. ಇತಿಹಾಸದ ಭಾಗಕ್ಕೆಲ್ಲ ಇಸವಿಗಳಿರುವುದರಿಂದ ಅಲ್ಲಿ ಸರಳ ಭೂತಕಾಲವೇ ನಡೆಯುತ್ತದೆ. ಕೊನೆಯಲ್ಲಿ ಕಂಪನಿಯ ಈಗಿನ ಸ್ಥಿತಿಯನ್ನು ಹೇಳುವ ಪ್ಯಾರಾಕ್ಕೆ ಬಂದ ಕೂಡಲೇ ಕ್ರಿಯಾಪದಗಳ ರೂಪ ಬದಲಾಗುತ್ತದೆ. ವಿವಾದದ ಭಾಗದಲ್ಲಿ ಮೂರನೆಯದೊಂದು ರೂಪ ಕಾಣುತ್ತದೆ: ಒಪ್ಪಂದ ಮುರಿಯುವ ಮೊದಲೇ ಬ್ಲೂ ರಿಬ್ಬನ್ ತನ್ನ ಹೆಸರಿನ ಷೂಗಳಿಗೆ ಆರ್ಡರ್ ಕೊಟ್ಟಿತ್ತೇ ಎಂಬಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ಇಡೀ ಜಗಳ ನಿಂತಿದೆ. "ಹ್ಯಾಡ್" ಎಂಬುದರ ಉಪಯೋಗ ಕಲಿಸಲು ಅಭ್ಯಾಸ ಪುಸ್ತಕದ ಬಿಡಿ ವಾಕ್ಯಗಳಿಗಿಂತ ಇದು ಎಷ್ಟೋ ಮೇಲು. ಒಂದು ಪ್ಯಾರಾದ ಕ್ರಿಯಾಪದಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪ್ರತಿಯೊಂದೂ ಏಕೆ ಆ ರೂಪದಲ್ಲಿದೆ ಎಂದು ಕೇಳಿಕೊಳ್ಳಿರಿ.

ಸಂಪಿಗೆ ರಸ್ತೆಯವರ ಆಕ್ಷೇಪಕ್ಕೂ ಉತ್ತರಿಸಬೇಕು. ಗೊತ್ತಿರುವ ಕತೆಯನ್ನು ಓದುವವರು ಕಣ್ಣು ಹಾರಿಸುತ್ತಾರೆ ಎಂಬುದು ಅನುಭವಿ ಓದುಗರಿಗೆ ನಿಜವಿರಬಹುದು. ಕನ್ನಡ ಮಾಧ್ಯಮದಿಂದ ಬಂದ ನನ್ನ ವಿದ್ಯಾರ್ಥಿಗಳು ಮೊದಲ ಪುಟದಲ್ಲಿಯೇ ಸೋತು ಪುಸ್ತಕ ಮಡಚಿಡುತ್ತಾರೆ. ಅವರನ್ನು ಎರಡನೆಯ ಪುಟಕ್ಕೆ ದಾಟಿಸಲು ಕನ್ನಡ ಬೇಕೇ ಬೇಕು.

ಸಂಪಿಗೆ ರಸ್ತೆ

ಮೊದಲ ಪುಟಕ್ಕಾದರೆ ಒಪ್ಪಿದೆ. ಹತ್ತನೆಯ ಪುಟದಲ್ಲಿಯೂ ಅದನ್ನೇ ಮಾಡುತ್ತಿದ್ದರೆ ಒಪ್ಪುವುದಿಲ್ಲ.

ಅಂಗಳದ ಆಟಗಾರ

ಎಲ್ಲರೂ ನೈಕಿಯನ್ನೇ ಹಿಡಿದಿರುವುದರಿಂದ ಇನ್ನೊಂದು ಕತೆಯನ್ನೂ ಸೂಚಿಸುತ್ತೇನೆ. ಜರ್ಮನಿಯ ಬವೇರಿಯಾದಲ್ಲಿ ಹೆರ್ಟ್ಸೊಗೆನಾವ್ರಾಕ್ ಎಂಬ ಸಣ್ಣ ಊರಿದೆ. ಆಡಾಲ್ಫ್ ಮತ್ತು ರುಡಾಲ್ಫ್ ಡಾಸ್ಲರ್ ಎಂಬ ಅಣ್ಣತಮ್ಮಂದಿರು ಅಲ್ಲಿ 1924ರಿಂದ ಕೂಡಿ ಷೂ ವ್ಯಾಪಾರ ನಡೆಸಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಈ ಅಣ್ಣತಮ್ಮಂದಿರ ಷೂಗಳನ್ನು ಧರಿಸಿದ್ದರು. 1948ರಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಅಣ್ಣ ರುಡಾಲ್ಫ್ ಪೂಮಾ ಕಟ್ಟಿದರು, ತಮ್ಮ ಆಡಾಲ್ಫ್ 1949ರಲ್ಲಿ ಅಡಿಡಾಸ್ ಕಂಪನಿಯನ್ನು ನೋಂದಾಯಿಸಿದರು. ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಕತೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರನ್ನು, ಎರಡು ಕಂಪನಿಗಳನ್ನು, ಎರಡು ಷೂಗಳನ್ನು ಹೋಲಿಸುತ್ತ ಹೋಗುವುದರಿಂದ ಹೋಲಿಕೆಯ ವಾಕ್ಯಗಳೆಲ್ಲ ಇದರಲ್ಲಿ ತಾನಾಗಿಯೇ ಬರುತ್ತವೆ. ಪೂಮಾದ ಭಾರತದ ಕಚೇರಿ ಬೆಂಗಳೂರಿನಲ್ಲಿಯೇ ಇದೆ, ಆ ಕ್ಷೇತ್ರದಲ್ಲಿ ಕೆಲಸ ಹುಡುಕುವವರಿಗೆ ಈ ಕತೆ ಗೊತ್ತಿದ್ದರೆ ನಷ್ಟವೇನಿಲ್ಲ.

ಅಡಿಡಾಸ್ ಎಂಬುದು ಯಾವುದೋ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೆಂದು ಹೇಳುವ ಪಾಠಗಳು ಸಿಕ್ಕರೆ ನಂಬಬೇಡಿರಿ. ಆಡಾಲ್ಫ್ ಅವರ ಮನೆಯ ಹೆಸರು ಆಡಿ, ಅದಕ್ಕೆ ಡಾಸ್ಲರ್‌ನ ಮೊದಲ ಭಾಗ ಸೇರಿದೆ, ಅಷ್ಟೇ.

ಲೆಕ್ಕಿಗ

ತುಂಗಾತೀರ ಅವರ ಮೂಲ ಪ್ರಶ್ನೆ ಸರಕು ತಡವಾದುದನ್ನು ವಿವರಿಸುವುದು ಹೇಗೆಂಬುದಾಗಿತ್ತು. 1975ರ ಬ್ಯಾಂಕಿನ ಪ್ರಸಂಗವನ್ನು ಐದೇ ವಾಕ್ಯಗಳಲ್ಲಿ ಬರೆದುನೋಡಿರಿ: ಏನಾಯಿತು, ಏಕಾಯಿತು, ಅದರಿಂದ ಯಾರಿಗೆ ತೊಂದರೆಯಾಯಿತು, ಕೂಡಲೇ ಏನು ಮಾಡಿದರು, ಮುಂದೆ ಏನಾಗಲಿತ್ತು. ಅದೇ ಐದು ಸ್ಥಾನಗಳಲ್ಲಿ ತಮ್ಮ ಘಟಕದ ವಿಷಯವನ್ನಿಟ್ಟರೆ ಬೈಯರ್‌ಗೆ ಬೇಕಾದ ಮೇಲ್ ಸಿದ್ಧವಾಗುತ್ತದೆ. ಬಟ್ಟೆ ಡೈಯಿಂಗ್ ಘಟಕದಿಂದ ತಡವಾಗಿ ಬಂದಿದ್ದರೆ ಹಾಗೆಂದೇ ಬರೆಯಿರಿ. ಅನಿವಾರ್ಯ ಕಾರಣಗಳಿಂದ ಎಂದು ಬರೆದರೆ ಯಾವ ಬೈಯರ್ ಕೂಡ ನಂಬುವುದಿಲ್ಲ. ಕೊನೆಯ ವಾಕ್ಯದಲ್ಲಿ ಹೊಸ ದಿನಾಂಕ ಇರಲೇಬೇಕು.

ತುಂಗಾತೀರ

ಹಾಗೆಯೇ ಮಾಡುತ್ತೇನೆ. ಒನಿಟ್ಸುಕಾ ಪರವಾದ ಬರಹವನ್ನು ಈ ವಾರದ ಕೊನೆಯೊಳಗೆ ಮುಗಿಸಿ ಇಲ್ಲಿಯೇ ಹಾಕುತ್ತೇನೆ, ಮೇಷ್ಟರು ಮತ್ತು ಸಂಪಿಗೆ ರಸ್ತೆಯವರು ದಯವಿಟ್ಟು ತಿದ್ದಿಕೊಡಬೇಕು. ಕಳೆದ ತಿಂಗಳು ನಾನು ಕಳುಹಿಸಿದ ಒಂದು ಮೇಲ್ ಅನ್ನೂ ಅದರ ಜೊತೆಗೆ ಹಾಕಬಹುದೇ?

ಸಂಪಿಗೆ ರಸ್ತೆ

ಧಾರಾಳವಾಗಿ ಹಾಕಿರಿ. ಬೈಯರ್‌ನ ಹೆಸರು, ಪಿ.ಒ. (ಖರೀದಿ ಆದೇಶ) ಸಂಖ್ಯೆ, ಸ್ಟೈಲ್ ಸಂಖ್ಯೆ, ಬೆಲೆ ಇವುಗಳನ್ನು ಅಳಿಸಿದ ಮೇಲೆ ಹಾಕಿರಿ. ತಮ್ಮ ಘಟಕದ ಹೆಸರೂ ಬೇಡ. ನಾನು ಭಾನುವಾರ ಬೆಳಿಗ್ಗೆ ನೋಡುತ್ತೇನೆ.